ಟಚಪ್ ದೊಡ್ಡಪ್ಪ ಹುಡುಕಿದ ಮುಖ

ನನ್ನ ದೊಡ್ಡಮ್ಮನ ಗಂಡನನ್ನು ಊರೆಲ್ಲ ಕರೆಯುತ್ತಿದ್ದದ್ದು ಟಚಪ್ ಎಂದೇ. ನಾವು ಮಕ್ಕಳು ಅದಕ್ಕೊಂದು ದೊಡ್ಡಪ್ಪ ಸೇರಿಸಿಕೊಂಡೆವು, ಅಷ್ಟೇ ಮರ್ಯಾದೆ. ನಲವತ್ತೊಂದು ವರ್ಷ ಒಂದೇ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ, ಕಿಟಕಿಗೆ ಆನಿಸಿದ ಇಳಿಜಾರು ಮೇಜಿನ ಮುಂದೆ ಭೂತಗನ್ನಡಿ ಹಿಡಿದು ಕೂತವರು. ಜನರ ಮೊಡವೆ, ಸಿಡುಬಿನ ಕಲೆ, ಮೆಳ್ಳೆಗಣ್ಣು ಎಲ್ಲವನ್ನೂ ನೆಗೆಟಿವ್ ಮೇಲೆ ಪೆನ್ಸಿಲು, ಬ್ಲೇಡು ಆಡಿಸಿ ಸರಿಮಾಡುತ್ತಿದ್ದರು. "ದೇವರು ಮಾಡಿದ ತಪ್ಪು ತಿದ್ದೋಕೆ ನಂಗೆ ಸಂಬಳ" ಎನ್ನುವುದು ಅವರ ಹಳಸಲು ಜೋಕು. ಅದಕ್ಕೆ ನಗುತ್ತಿದ್ದವರು ಅವರೊಬ್ಬರೇ.

ಅವರ ಹೆಸರು ಸುತ್ತಲ ಊರುಗಳಿಗೆ ಹಬ್ಬಿದ್ದು ಮಾತ್ರ ಇನ್ನೊಂದು ಕೆಲಸದಿಂದ: ಫೋಟೋದಿಂದ ಬೇಡದವರನ್ನು ತೆಗೆದುಹಾಕುವುದು. ಜಗಳವಾಡಿದ ತಮ್ಮ, ಓಡಿಹೋದ ಸೊಸೆ, ಮುಖ ಮುರಿದುಕೊಂಡ ಷಡ್ಡಕ. ಹಳೇ ಫೋಟೋವನ್ನೇ ಮತ್ತೊಮ್ಮೆ ಫೋಟೋ ತೆಗೆದು, ಆ ನೆಗೆಟಿವ್‌ನಲ್ಲಿ ಆ ಮನುಷ್ಯನನ್ನು ಕೆರೆದು, ಖಾಲಿಯಾದ ಜಾಗಕ್ಕೆ ಎತ್ತರದ ಸ್ಟ್ಯಾಂಡಿನ ಮೇಲೊಂದು ಹೂಕುಂಡ ಬರೆಯುತ್ತಿದ್ದರು. ಯಾರು, ಯಾಕೆ ಎಂದು ಗಿರಾಕಿಯನ್ನು ಕೇಳಕೂಡದೆಂದು ಮಾಲೀಕರ ಕಟ್ಟಪ್ಪಣೆ. ದೊಡ್ಡಪ್ಪ ಒಮ್ಮೆಯೂ ಕೇಳಲಿಲ್ಲ.

ಅವರಿಗೆ ಅರವತ್ತೆರಡಾದಾಗ ಅವರ ತಾಯಿ ತೀರಿಕೊಂಡರು. ತಾಯಿಯ ತಗಡಿನ ಪೆಟ್ಟಿಗೆಯಲ್ಲಿ ಒಂದು ಆಸ್ಪತ್ರೆ ಚೀಟಿ, ಒಂದು ಕಾಗದ ಸಿಕ್ಕವು. ಆಕೆ ಸಾಕಿದವಳು ಎಂದು ಗೊತ್ತಾದದ್ದೇ ಆಗ. ಹೆತ್ತವಳು ಜ್ವರದಲ್ಲಿ ಹೋದಾಗ ಮಗುವಿಗೆ ಹತ್ತು ತಿಂಗಳು; ಅಪ್ಪ ಅನ್ನಿಸಿಕೊಂಡವನು ಅದನ್ನು ಬೇರೆ ಊರಿನ ಮಕ್ಕಳಿಲ್ಲದ ದಂಪತಿಗೆ ಒಪ್ಪಿಸಿ ಕೈತೊಳೆದುಕೊಂಡಿದ್ದ. ಅದುವರೆಗೆ ದೊಡ್ಡಪ್ಪನಿಗೆ ಇದರ ಗಂಧಗಾಳಿಯೂ ಇರಲಿಲ್ಲ. ಸಾಲದ್ದಕ್ಕೆ ಅದೇ ವರ್ಷ ಕಣ್ಣಿನ ಡಾಕ್ಟರು, ದೃಷ್ಟಿ ಹೆಚ್ಚೆಂದರೆ ಇನ್ನೆರಡು ವರ್ಷ ಎಂದುಬಿಟ್ಟರು.

"ಕಣ್ಣು ಹೋಗೋದ್ರೊಳಗೆ ಹೆತ್ತೋಳ ಮುಖ ಒಂದ್ಸಲ ನೋಡ್ಬೇಕು ಕಣೇ," ಎಂದರು ನನಗೆ.

"ಸತ್ತು ಅರವತ್ತು ವರ್ಷ ಆಗಿದೆ. ಈಗ ನೋಡಿ ಏನ್ ಮಾಡ್ತೀರಿ ದೊಡ್ಡಪ್ಪ?"

"ಊರೋರ ಮುಖ ಎಲ್ಲಾ ನೋಡಿದೀನಲ್ಲ."

ನನಗೆ ಮೂಗಿನ ತುದಿಯಲ್ಲೇ ಕೋಪ. ಆದರೆ ಈ ಮಾತು ಕೇಳಿ ಆಸ್ಪತ್ರೆ ಚೀಟಿಯನ್ನು ಅವರ ಕೈಯಿಂದ ಇಸಿದುಕೊಂಡೆ.

ಚೀಟಿಯಲ್ಲಿ ಅಪ್ಪನ ಊರಿತ್ತು; ಹೆಸರಿನ ಮುಂದೆ, ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುವವನು ಎಂದಿತ್ತು. ಆ ಊರಿನ ಪ್ರೆಸ್ಸು ಬಾಗಿಲು ಹಾಕಿ ಯಾವುದೋ ಕಾಲವಾಗಿತ್ತು. ಅದರ ಹಾಜರಿ ಪುಸ್ತಕ ಹುಡುಕಲು ನನ್ನ ನಾಲ್ಕು ರಜೆ ಮಣ್ಣುಪಾಲಾದವು. ಗೆದ್ದಲು ತಿಂದುಳಿದ ಹಾಳೆಯಲ್ಲಿ ಕೊನೆಗೂ ಒಂದು ವಿಳಾಸ ಸಿಕ್ಕಿತು. ಹೋಗಿ ವಿಚಾರಿಸಿದರೆ, ಅದೇ ಮನೆಯಲ್ಲಿ ಆತನ ಎರಡನೇ ಹೆಂಡತಿಯ ಮಗಳು ಬಟ್ಟೆ ಹೊಲಿದುಕೊಂಡು ಇದ್ದಾಳೆ! ಹುಡುಕುವ ಬಳ್ಳಿ ಕಾಲಿಗೇ ತೊಡರಿತು ಎಂದು ನಾನು ಹಿಗ್ಗಿದೆ. ಮುಂದಿನ ಭಾನುವಾರವೇ ದೊಡ್ಡಪ್ಪನನ್ನು ಕರೆದುಕೊಂಡು ಹೋದೆ.

ಅವಳು ಒಳ್ಳೆಯವಳು. ಸ್ಟೂಲಿನ ಮೇಲಿದ್ದ ಹೊಲಿಗೆ ಬಟ್ಟೆ ಸರಿಸಿ, "ಕೂತ್ಕೊಳ್ಳಿ ಅಣ್ಣಾ," ಎಂದಳು ಮೊದಲ ಮಾತಿಗೇ. ಅಣ್ಣ ಎನ್ನಿಸಿಕೊಂಡು ಗೊತ್ತಿಲ್ಲದ ದೊಡ್ಡಪ್ಪ ಕರಗಿಹೋದರು.

"ಅಪ್ಪಂದು ಅಂತ ಇರೋದು ಇದೊಂದೇ," ಎಂದು ಅವಳು ಗೋಡೆಯಿಂದ ಫೋಟೋ ಇಳಿಸಿ ಕೊಟ್ಟಳು.

ಕೋಟು ತೊಟ್ಟ ತೆಳ್ಳನೆಯ ಗಂಡಸೊಬ್ಬ ಕುರ್ಚಿಯ ಮೇಲೆ ಕೂತಿದ್ದ. ಪಕ್ಕದಲ್ಲಿ, ಎತ್ತರದ ಸ್ಟ್ಯಾಂಡಿನ ಮೇಲೆ ಒಂದು ಹೂಕುಂಡ. ದೊಡ್ಡಪ್ಪ ಅಪ್ಪನ ಕಡೆ ನೋಡಲೇ ಇಲ್ಲ. ಭೂತಗನ್ನಡಿಯನ್ನು ನೇರ ಹೂಕುಂಡದ ಮೇಲೆ ಹಿಡಿದರು. ಬಹಳ ಹೊತ್ತು ಹಾಗೇ ಹಿಡಿದಿದ್ದರು.

"ಇಲ್ಲಿ ಒಬ್ರು ನಿಂತಿದ್ರು," ಎಂದರು.

"ಅಯ್ಯೋ, ಹೇಗ್ ಗೊತ್ತಾಯ್ತು? ನಿಮ್ಮಮ್ಮನೇ ಇದ್ರಂತೆ ಅಣ್ಣಾ. ಸತ್ತ ಸವತಿ ಗೋಡೆ ಮೇಲಿದ್ರೆ ನಮ್ಮಮ್ಮಂಗೆ ಕಣ್ಣುರಿ. ಅಪ್ಪ ಹೋದ್ಮೇಲೆ ನಿಮ್ಮೂರ ಯಾವ್ದೋ ಸ್ಟುಡಿಯೋಗೆ ಕೊಟ್ಟು ತೆಗೆಸಿದ್ಲು. ಹಳೇ ಫೋಟೋ ಒಲೆಗೆ ಹಾಕಿದ್ಲು. ಅಮ್ಮ ಮಾಡಿದ್ದು ತಪ್ಪೇ, ಇಲ್ಲ ಅನ್ನಲ್ಲ." ಅವಳು ಬಗ್ಗಿ ಹೂಕುಂಡದ ಮೇಲೆ ಬೆರಳಾಡಿಸಿದಳು. "ಆದ್ರೆ ಆ ಪುಣ್ಯಾತ್ಮನ ಕೈಚಳಕ ನೋಡಿ, ಒಂದು ಗೆರೆ ಕಾಣಲ್ಲ."

ಅವಳು ಕಾಫಿ ಮಾಡಲು ಒಳಗೆ ಹೋದಳು. ನಾನು ಫೋಟೋ ತಿರುಗಿಸಿ ನೋಡಿದೆ. ಹಿಂದೆ ನಮ್ಮೂರ ಸ್ಟುಡಿಯೋದ ಮೊಹರಿತ್ತು.

"ನೆಗೆಟಿವ್ ಇರಬಹುದಲ್ವಾ ದೊಡ್ಡಪ್ಪ?" ಎಂದೆ ಮೆಲ್ಲಗೆ, ಮುಳುಗುವವರು ಹುಲ್ಲುಕಡ್ಡಿ ಹಿಡಿದ ಹಾಗೆ.

"ಇದ್ರೇನು? ಕೆರೆದಿರೋನು ನಾನೇ."

ಅವರು ಕಾಫಿ ಕುಡಿದರು. ತಂಗಿಯ ತಲೆಯ ಮೇಲೆ ಕೈಯಿಟ್ಟರು. ಆ ಪುಣ್ಯಾತ್ಮ ಯಾರೆಂದು ಅವಳಿಗೆ ಹೇಳಲಿಲ್ಲ, ನಾನೂ ಹೇಳಲಿಲ್ಲ. ಯಾರ ಮೇಲಾದರೂ ಕೂಗಾಡಬೇಕು ಅನ್ನಿಸುತ್ತಿತ್ತು ನನಗೆ. ಆದರೆ ಯಾರ ಮೇಲೆ?

ವಾಪಸು ಬರುವ ಬಸ್ಸಿನಲ್ಲಿ ತಡೆಯಲಾಗದೆ ಕೇಳಿಯೇಬಿಟ್ಟೆ. "ಅವರ ಮುಖಾನ ನೀವು ಭೂತಗನ್ನಡೀಲಿ ನೋಡಿದೀರಿ ದೊಡ್ಡಪ್ಪ. ಸ್ವಲ್ಪ ನೆನಪು ಮಾಡ್ಕೊಳ್ಳಿ."

"ಕಂಕುಳಲ್ಲಿ ಮಗು ಇತ್ತು," ಎಂದರು. "ಅದರ ಕಾಲು ಆತನ ಕೋಟಿನ ತೋಳಿನ ಮೇಲೆ ಬಂದಿತ್ತು. ಕಾಲು ತೆಗೆದು, ಅಲ್ಲಿ ಕೋಟಿನ ಬಟ್ಟೆ ಬರೀಬೇಕು, ನೇಯ್ಗೆ ಕೂಡಬೇಕು. ಎರಡು ದಿನ ಒದ್ದಾಡಿಬಿಟ್ಟೆ. ಐದು ಬೆರಳೂ ಕಣ್ಣಿಗೆ ಕಟ್ಟಿದ ಹಾಗಿದೆ."

"ಮುಖ?"

ಅವರು ಕಿಟಕಿಯ ಕಡೆ ತಿರುಗಿಕೊಂಡರು.

"ಮುಖದ ಹಿಂದೆ ಬರೀ ಪರದೆ ಕಣೇ. ಸುಲಭದ ಕೆಲಸ, ಹತ್ತು ನಿಮಿಷ."