ದರ್ಜಿಯ ಮನೆಗೆ ಕ್ಯಾಮೆರಾ ಹೋಗಲಿಲ್ಲ

ಶಿವಮೊಗ್ಗದ ದುರ್ಗಿಗುಡಿಯಲ್ಲಿ ನಮ್ಮ ಬೀದಿ ಮುಖ್ಯರಸ್ತೆಗೆ ಸೇರುವಲ್ಲಿ ಒಂದು ಕಾಂಪೌಂಡ್ ಗೋಡೆಯಿದೆ. ‘ಇಲ್ಲಿ ಪೋಸ್ಟರ್ ಅಂಟಿಸಬಾರದು’ ಎಂದು ಅದರ ಮೇಲೆ ದಪ್ಪಕ್ಷರದಲ್ಲಿ ಬರೆದಿರುವುದರಿಂದ ಊರಿನ ಎಲ್ಲ ಸಿನಿಮಾ ಪೋಸ್ಟರುಗಳೂ ಅಲ್ಲೇ ಬಂದು ಕೂರುತ್ತವೆ. ಎರಡು ತಿಂಗಳ ಹಿಂದೆ ಬಂದು ಹೋದ ಗೂಢಚಾರನ ಸಿನಿಮಾವೊಂದರ ಪೋಸ್ಟರು ಇನ್ನೂ ಅಲ್ಲಿದೆ. ನಾಯಕನ ಗಲ್ಲ ಹರಿದಿದೆ. ಒಂದು ಕಣ್ಣಿನ ಮೇಲೆ ಯಾರೋ ಟ್ಯೂಷನ್ ಕ್ಲಾಸಿನ ಚೀಟಿ ಅಂಟಿಸಿದ್ದಾರೆ. ತರಕಾರಿ ಚೀಲ ಹಿಡಿದು ಅದನ್ನು ದಾಟುವಾಗಲೆಲ್ಲ ನನಗೆ ಸಿಟ್ಟು ನೆತ್ತಿಗೇರುತ್ತದೆ. ಗೋಡೆಯ ಮೇಲಿನ ಕಾಗದವನ್ನು ಕಂಡು ಸಿಟ್ಟಾಗುವ ವಯಸ್ಸಲ್ಲ ನನ್ನದು. ಐವತ್ತು ದಾಟಿದೆ, ಹೈಸ್ಕೂಲಿನಲ್ಲಿ ಗಣಿತ ಹೇಳುತ್ತೇನೆ, ಬೆಳಿಗ್ಗೆ ಎದ್ದ ಕೂಡಲೇ ಬಿ.ಪಿ. ಮಾತ್ರೆ ನುಂಗುತ್ತೇನೆ. ಆದರೂ ಒಂದು ದಿನ ಯಾರೂ ಇಲ್ಲದಾಗ ಅದರ ಒಂದು ಮೂಲೆ ಕಿತ್ತು ಹಾಕಿದ್ದೇನೆ. ನಿಮ್ಮ ಹತ್ತಿರ ಮುಚ್ಚಿಡುವುದೇಕೆ?

ಗೂಢಚಾರರ ಸಿನಿಮಾ ಎಂದರೆ ನನಗೆ ಮೊದಲಿಂದ ಹುಚ್ಚು. ನನ್ನಂಥ ಇನ್ನಿಬ್ಬರಿದ್ದಾರೆ. ಒಬ್ಬರು ಕೋಟೆ ರಸ್ತೆಯಲ್ಲಿ ಔಷಧಿ ಅಂಗಡಿ ಇಟ್ಟಿರುವ ಮಂಜಣ್ಣ. ಇನ್ನೊಬ್ಬ ಭದ್ರಾವತಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ನಡೆಸುವ ಸೆಲ್ವರಾಜ. ಸೆಲ್ವ ನನಗಿಂತ ಎರಡು ವರ್ಷ ಚಿಕ್ಕವನು, ಒಂದೇ ಸಾಲುಮನೆಯಲ್ಲಿ ನನ್ನ ಜೊತೆ ಆಡಿ ಬೆಳೆದವನು. ಅಂಥ ಸಿನಿಮಾ ಬಂದ ಭಾನುವಾರ ನಾವು ಮೂವರೂ ಮ್ಯಾಟಿನಿ ನೋಡಿ, ಹೋಟೆಲೊಂದರ ಮೂಲೆಯ ಮೇಜು ಹಿಡಿದು, ಸಿನಿಮಾ ಎಷ್ಟು ಹೊತ್ತು ಓಡಿತೋ ಅಷ್ಟೇ ಹೊತ್ತು ಜಗಳವಾಡುತ್ತೇವೆ. ನಮ್ಮ ದನಿ ಏರಿದಂತೆ ಹೋಟೆಲಿನವರು ಟಿ.ವಿ. ಸದ್ದು ಏರಿಸುತ್ತಾರೆ. ಹೊಗಳುವ ಕೆಲಸ ಮಂಜಣ್ಣನದು. ವಿದ್ಯುತ್ತಿಗೆ ಸಂಬಂಧಪಟ್ಟ ತಪ್ಪುಗಳನ್ನು ಹುಡುಕುವುದು ಸೆಲ್ವನ ಪಾಲು. ನಾನು ಗುಂಡುಗಳ ಲೆಕ್ಕ ಇಡುತ್ತೇನೆ. ಆರು ಗುಂಡಿನ ಪಿಸ್ತೂಲಿನಿಂದ ಹದಿನಾಲ್ಕು ಸಲ ಹೊಡೆದ ನಾಯಕನಿಗೆ ನಾನು ಎಂದೂ ಪಾಸ್ ಮಾರ್ಕು ಕೊಟ್ಟವಳಲ್ಲ.

ಈ ಸಿನಿಮಾದ ಕಥೆ ಇಷ್ಟು: ನಮ್ಮ ಗೂಢಚಾರ ಶತ್ರುದೇಶದ ಒಂದು ಊರಿನಲ್ಲಿ ದರ್ಜಿಯೊಬ್ಬನ ಮನೆ ಸೇರುತ್ತಾನೆ. ಒಂಬತ್ತು ವರ್ಷ ಅವನ ಜೊತೆ ಬಟ್ಟೆ ಹೊಲಿಯುತ್ತಾನೆ, ಅವನ ಹೆಂಡತಿ ಮಾಡಿದ ರೊಟ್ಟಿ ತಿನ್ನುತ್ತಾನೆ, ಅವನ ಮಕ್ಕಳನ್ನು ಹೆಗಲ ಮೇಲೆ ಹೊತ್ತು ತಿರುಗುತ್ತಾನೆ. ಕೊನೆಗೊಂದು ದಿನ, ಕೆಲಸ ಆಗಬೇಕಾದರೆ ಆ ದರ್ಜಿಯನ್ನೇ ಬಲಿ ಕೊಡಬೇಕು. ಕೊಡುತ್ತಾನೆ. ಸೈನಿಕರು ದರ್ಜಿಯನ್ನು ಎಳೆದೊಯ್ಯುತ್ತಾರೆ. ನಾಯಕ ಮಹಡಿಯ ಮೇಲೆ ಮಳೆಯಲ್ಲಿ ನಿಂತು ಅಳುತ್ತಾನೆ. ಆಮೇಲೆ ಬೈಕು, ಸೇತುವೆ, ಬೆಂಕಿ, ಬಾವುಟ.

“ಆ ಹೊಲಿಗೆ ಮಶೀನು ಖಾಲಿ ತಿರುಗುತ್ತಲ್ಲ ಮೇಡಂ, ಏನ್ ಶಾಟು ಮಾರಾಯ್ರೇ ಅದು! ಮೈ ಜುಮ್ ಅಂತು,” ಎಂದು ಮಂಜಣ್ಣ ದೋಸೆ ಮುರಿಯುವ ಮೊದಲೇ ಶುರು ಮಾಡಿದರು.

“ಅಲ್ಲೇ ಇರೋದು ತಪ್ಪು,” ಎಂದ ಸೆಲ್ವ. “ಅದು ಕಾಲಲ್ಲಿ ತುಳಿಯೋ ಮಶೀನು ಮಂಜಣ್ಣ. ತುಳಿಯೋರು ಇಲ್ದೆ ಹೆಂಗೆ ತಿರುಗುತ್ತೆ? ಇನ್ನೊಂದು, ಒಂದೇ ಗುಂಡಿಗೆ ಟ್ರಾನ್ಸ್‌ಫಾರ್ಮರ್ ಹಾರಿಸಿ ಇಡೀ ಊರಿಗೆ ಕತ್ತಲೆ ಮಾಡ್ತಾನೆ. ಮೂವತ್ತು ವರ್ಷದಿಂದ ಸುಟ್ಟ ಕಾಯಿಲ್ ಬಿಚ್ಚಿ ಸುತ್ತೋನು ನಾನು. ನನಗೆ ಹೇಳ್ತಾನಾ ಅವನು?”

“ನಿನಗೆ ಸಿನಿಮಾ ನೋಡಕ್ಕೆ ಬರಲ್ಲ ಬಿಡು. ನಟನೆ ನೋಡೋ, ನಟನೆ! ದೇಶಕ್ಕೋಸ್ಕರ ಅಣ್ಣನಂಥವನನ್ನ ಬಿಟ್ಟುಕೊಡಬೇಕು ಅಂದ್ರೆ ಎಂಥ ಎದೆ ಬೇಕು?”

ನಾನು ಕೇಳಿದೆ: “ದರ್ಜಿ ಹೆಂಡತಿ ಏನಾದ್ಲು?”

“ಯಾರು?” ಎಂದರು ಮಂಜಣ್ಣ. ನಿಜಕ್ಕೂ ನೆನಪಾಗಲಿಲ್ಲ ಅವರಿಗೆ. “ಓ, ಅವಳಾ? ಇರ್ತಾಳೆ ಎಲ್ಲೋ. ಅದು ಅವಳ ಕಥೆ ಅಲ್ವಲ್ಲ ಮೇಡಂ.”

ನನ್ನ ಕೈ ಮೇಜಿಗೆ ಬಿದ್ದದ್ದು ನನಗೆ ಗೊತ್ತಾಗಿದ್ದು ಚಟ್ನಿ ಮಂಜಣ್ಣನ ಅಂಗಿಗೆ ಹಾರಿದ ಮೇಲೆ. “ಮೂರು ನಿಮಿಷ ಮಳೆಯಲ್ಲಿ ಅತ್ತ ಅವನು. ನಾನು ವಾಚ್ ನೋಡಿದೀನಿ. ಅವಳಿಗೆ ಅಳಕ್ಕೆ ಒಂದು ಸೆಕೆಂಡಾದ್ರೂ ಕೊಟ್ರಾ? ಎರಡು ಮಕ್ಕಳಿತ್ತು. ಮಾರನೇ ದಿನ ಆ ಮನೇಲಿ ಒಲೆ ಹಚ್ಚಿದ್ರೋ ಇಲ್ವೋ ನೋಡೋಣ ಅಂತ ಒಬ್ಬನಿಗೂ ಅನ್ನಿಸ್ಲಿಲ್ವಾ? ಊಟ ಹಾಕಿದ ಮನೆಗೆ ದ್ರೋಹ ಮಾಡಿ, ಅಳೋ ಹಕ್ಕೂ ಅವನಿಗೇನಾ?”

ಅಕ್ಕಪಕ್ಕದ ಮೇಜಿನವರು ತಿರುಗಿ ನೋಡಿದರು. “ಬಿಡಿ ಅಕ್ಕ, ಪಿಚ್ಚರ್ ಅದು,” ಎಂದ ಸೆಲ್ವ.

“ನೀನು ಹೇಳ್ತೀಯಾ ಸೆಲ್ವ ಈ ಮಾತು? ನೀನು?”

ಅವನು ತಟ್ಟೆ ನೋಡುತ್ತ ಮೆಲ್ಲಗೆ ಅಂದ: “ನಾನು ಪಿಚ್ಚರ್‌ಗೆ ಬರೋದೇ ಅದೆಲ್ಲ ಮರೆಯಕ್ಕೆ ಅಕ್ಕ.”

ಅದೆಲ್ಲ ಏನೆಂದು ನಿಮಗೆ ಹೇಳಬೇಕು. ನಮ್ಮಿಬ್ಬರ ಅಪ್ಪಂದಿರೂ ಭದ್ರಾವತಿಯ ಹೊರಗಿದ್ದ ಒಂದು ಸಣ್ಣ ಫೌಂಡ್ರಿಯಲ್ಲಿ ಕಬ್ಬಿಣ ಕರಗಿಸಿ ಮರಳಿನ ಅಚ್ಚಿಗೆ ಹೊಯ್ಯುವ ಕೆಲಸದಲ್ಲಿದ್ದರು. ಆ ಫೌಂಡ್ರಿ ಈಗಿಲ್ಲ. ಅದರ ಹೆಸರು ನನ್ನ ಬಾಯಲ್ಲಿ ಬರುವುದೂ ಬೇಡ. ಅವರ ಜೊತೆಗೆ ಬಸಣ್ಣ ಎಂಬವನಿದ್ದ. ಒಂಟಿ ಮನುಷ್ಯ. ಎರಡು ವರ್ಷ ರಾತ್ರಿಯ ಊಟ ನಮ್ಮ ಮನೆಯಲ್ಲೇ. ನಾನು ಬಸಣ್ಣ ಮಾಮ ಎನ್ನುತ್ತಿದ್ದೆ. ನನ್ನನ್ನೂ ಅಪ್ಪನನ್ನೂ ಮೊದಲ ಸಲ ಗೂಢಚಾರನ ಸಿನಿಮಾಕ್ಕೆ ಕರೆದುಕೊಂಡು ಹೋದವನು ಅವನೇ. ವಾಪಸು ನಡೆದು ಬರುವಾಗ ಅವನೂ ಅಪ್ಪನೂ, ನಾಯಕ ಎಲ್ಲಿ ಸಿಕ್ಕಿಬೀಳಬೇಕಿತ್ತು, ಎಲ್ಲಿ ಎಡವಿದ ಎಂದು ವಾದಿಸುತ್ತ ದಾರಿ ಸವೆಸುತ್ತಿದ್ದರು. ನನಗೆ ಸೈಕಲ್ ಕಲಿಸಿದವನೂ ಅವನೇ. ಸೀಟು ಹಿಡಿದು ಹಿಂದೆ ಹಿಂದೆ ಓಡುತ್ತಿದ್ದ.

ಕಾದ ಕಬ್ಬಿಣ ಸಿಡಿದು ಕಾಲು ಸುಟ್ಟುಕೊಂಡವರಿಗೆ ಫೌಂಡ್ರಿಯಲ್ಲಿ ರಜೆಯಿರಲಿಲ್ಲ, ಬೂಟೂ ಇರಲಿಲ್ಲ. ಸಂಘ ಕಟ್ಟಬೇಕೆಂದು ಏಳು ಜನ ನಮ್ಮ ಅಡುಗೆಮನೆಯಲ್ಲಿ ಸೇರುತ್ತಿದ್ದರು. ಬಸಣ್ಣ ಎಂಟನೆಯವನು. ಒಂದು ಸೋಮವಾರ ಗೇಟಿನ ಮೇಲೆ ಏಳು ಹೆಸರು ಬರೆದ ಹಾಳೆ ಅಂಟಿಸಿದ್ದರು; ಆ ಏಳು ಜನ ಒಳಗೆ ಬರುವಂತಿಲ್ಲ. ಮುಂದಿನ ತಿಂಗಳು ಬಸಣ್ಣ ಸೂಪರ್‌ವೈಸರ್ ಆದ. ಆಮೇಲೆ ಹೊಸಪೇಟೆ ಕಡೆ ಹೋದನಂತೆ. ಬದುಕಿದ್ದಾನೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ನಾವು ಶಿವಮೊಗ್ಗಕ್ಕೆ ಬಂದೆವು. ಅಪ್ಪನಿಗೆ ಅಡಿಕೆ ಮಂಡಿಯಲ್ಲಿ ತೂಕ ಬರೆಯುವ ಕೆಲಸ ಸಿಕ್ಕಿತು. ಸೆಲ್ವನ ಅಪ್ಪ ಮುರುಗೇಶಣ್ಣನಿಗೆ ಓದು ಬರಹ ಇರಲಿಲ್ಲ. ಲಾರಿಗೆ ಮೂಟೆ ಹೊತ್ತರು, ಕೆಮ್ಮಿದರು, ನಾಲ್ಕನೇ ವರ್ಷ ತೀರಿಕೊಂಡರು. ಸೆಲ್ವ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ.

ಹೋಟೆಲಿನಿಂದ ಮನೆಗೆ ಬಂದರೂ ನನ್ನ ಸಿಟ್ಟು ಇಳಿಯಲಿಲ್ಲ. ನನ್ನ ಜೊತೆ ಸಿಟ್ಟಾಗಲು ಇನ್ನೊಬ್ಬರು ಬೇಕಿತ್ತು. ಅದಕ್ಕೇ ಮುಂದಿನ ಶನಿವಾರ ಅಪ್ಪನನ್ನು ಅದೇ ಸಿನಿಮಾಕ್ಕೆ ಕರೆದುಕೊಂಡು ಹೋದೆ. ಅಪ್ಪನಿಗೆ ಎಂಬತ್ತೊಂದು. ಕಿವಿಗೆ ಯಂತ್ರವಿದೆ, ಸಿನಿಮಾದ ಹುಚ್ಚು ಹಾಗೇ ಇದೆ. ಮುಗಿದ ಮೇಲೆ ಕೋಟೆಯ ಹತ್ತಿರ ಎಳನೀರು ಕುಡಿಯಲು ನಿಂತೆವು. ಅವರು ಹಲ್ಲು ಕಡಿಯುತ್ತಾರೆಂದು ನಾನು ಕಾಯುತ್ತಿದ್ದೆ.

“ಚೆನ್ನಾಗಿ ತೆಗೆದಿದಾನೆ,” ಎಂದರು ಅಪ್ಪ. “ಒಂದು ತಪ್ಪಿದೆ.”

“ಯಾವುದು? ಟ್ರಾನ್ಸ್‌ಫಾರ್ಮರ್ರಾ?”

“ಕೊನೇ ದಿನಾನೂ ಎರಡೆರಡು ಸಲ ಬಡಿಸ್ಕೊಂಡು ತಿಂತಾನೆ ನೋಡು. ಹಂಗೆ ತಿನ್ನಕ್ಕಾಗಲ್ಲ. ಕೊನೇ ಮೂರು ತಿಂಗಳು ಬಸಣ್ಣ ಎರಡನೇ ಸಲ ಅನ್ನ ಹಾಕಿಸ್ಕೊಳ್ತಿರಲಿಲ್ಲ. ಸಾರು ಕೆಟ್ಟಿದೆಯೇನೋ ಅಂತ ನಿಮ್ಮಮ್ಮ ದಿನಾ ರುಚಿ ನೋಡೋಳು.”

ನಾನು ನಕ್ಕೆ. ಸಿನಿಮಾ ಬಗ್ಗೆ ಇಷ್ಟು ಒಳ್ಳೆಯ ಮಾತನ್ನು ನಮ್ಮ ಗುಂಪಿನಲ್ಲಿ ಯಾರೂ ಆಡಿರಲಿಲ್ಲ. ಮಂಜಣ್ಣನಿಗೆ ಇದನ್ನು ಹೇಳಿ ಬಾಯಿ ಮುಚ್ಚಿಸಬೇಕು ಎಂದುಕೊಂಡೆ. ಆಮೇಲೆ ತಲೆಯೊಳಗಿನ ಗಣಿತದ ಮೇಡಂ ಎಚ್ಚೆತ್ತಳು.

“ಅಪ್ಪ, ಅಮ್ಮ ಸಾರು ಕೆಟ್ಟಿದೆ ಅಂದ್ಕೊಂಡ್ಲು. ನೀನ್ಯಾಕೆ ಆಗಿಂದ್ಲೇ ತಿಂಗಳ ಲೆಕ್ಕ ಇಟ್ಟೆ?”

ಅಪ್ಪ ಎಳನೀರಿನ ಕೊಳವೆಯನ್ನು ತಿರುಗಿಸುತ್ತ ನಿಂತರು. ಕಿವಿಯ ಯಂತ್ರ ಸರಿಮಾಡಿಕೊಂಡರು. ನಾನು ಮತ್ತೆ ಕೇಳಿದೆ.

“ಬಸಣ್ಣ ಮ್ಯಾನೇಜರ್ ಮನೆ ಹಿಂಬಾಗಿಲಿಂದ ಬರೋದು ನೋಡಿದ್ದೆ,” ಎಂದರು. “ಎರಡು ಸಲ.”

“ನಿಂಗೆ ಗೊತ್ತಿತ್ತಾ?”

“ಅವನೇ ಬಂದು ಹೇಳ್ತಾನೆ ಅಂದ್ಕೊಂಡೆ. ದಿನಾ ಊಟಕ್ಕೆ ಕೂತಾಗ ಇವತ್ತು ಹೇಳ್ತಾನೆ, ಇವತ್ತು ಹೇಳ್ತಾನೆ ಅಂತ ಕಾಯ್ತಿದ್ದೆ.”

“ಉಳಿದ ಆರು ಜನಕ್ಕೆ ಯಾಕೆ ಹೇಳ್ಲಿಲ್ಲ? ಮೂರು ತಿಂಗಳು! ಅವನ ಮುಂದೇ ಎಲ್ಲ ಮಾತಾಡಕ್ಕೆ ಬಿಟ್ಟೆಯಲ್ಲ!”

“ನಿಂಗಿನ್ನೂ ಸೈಕಲ್ ಬರ್ತಿರಲಿಲ್ಲ. ಅವನು ಹಿಡ್ಕೊಂಡು ಓಡೋನು. ನೀನು ನಗೋದು ನೋಡಿದ್ರೆ ನಂಗೆ ಬಾಯಿ ಬರ್ತಿರಲಿಲ್ಲ.”

ಬೇರೆ ಯಾವ ಮಗಳಾದರೂ ಆ ಮಾತಿಗೆ ಕಣ್ಣೀರು ಹಾಕುತ್ತಿದ್ದಳೇನೋ. ನನಗೆ ಬಂದದ್ದು ಬೆಂಕಿಯಂಥ ಸಿಟ್ಟು. “ನನ್ನ ಸೈಕಲ್ ಮೇಲೆ ಹಾಕ್ಬೇಡ ಅಪ್ಪ!” ಎಂದು ನಡುರಸ್ತೆಯಲ್ಲಿ ಕಿರುಚಿದೆ. “ಹನ್ನೊಂದು ವರ್ಷ ನಂಗೆ ಆಗ. ಆರು ಮನೆ ಹಾಳಾಗಿದ್ದನ್ನ ತಂದು ನನ್ನ ತಲೆಗೆ ಕಟ್ತೀಯಾ?”

ಎಳನೀರಿನವನು ಕತ್ತಿ ಎತ್ತಿದವನು ಹಾಗೇ ನಿಂತ. ಅಪ್ಪ ಅಂದರು: “ಸರಿ. ಹೆದರಿದ್ದೆ. ಹೇಳಿದ್ರೆ ಮುರುಗೇಶ ಅವನನ್ನ ಕೊಂದೇ ಹಾಕ್ತಾನೆ ಅಂತ ಹೆದರಿದ್ದೆ. ಆಮೇಲೆ, ಗೊತ್ತಿತ್ತು ಅಂತ ಹೇಳಕ್ಕೂ ಹೆದರಿದೆ.”

ನಲವತ್ತು ವರ್ಷ ನಾನು ಬಸಣ್ಣನನ್ನು ಒಂದು ಕಡೆ, ಅಪ್ಪನನ್ನು ಇನ್ನೊಂದು ಕಡೆ ಇಟ್ಟು ಬದುಕಿದವಳು. ಆ ಲೆಕ್ಕ ತಪ್ಪಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ, ಈಗ ನನಗೂ ಗೊತ್ತಿತ್ತು. ಮುಂದಿನ ಸಿನಿಮಾದ ದಿನ ಸೆಲ್ವನ ಎದುರು ಕೂತು ದೋಸೆ ತಿನ್ನುತ್ತ ಇದನ್ನು ಮುಚ್ಚಿಟ್ಟರೆ ನಾನು ಯಾರಾಗುತ್ತೇನೆ ಎಂದು ಯೋಚಿಸಿ ನೋಡಿ.

ಸೋಮವಾರ ಶಾಲೆಗೆ ರಜೆ ಹಾಕಿ ಭದ್ರಾವತಿಯ ಬಸ್ಸು ಹತ್ತಿದೆ. ಸೆಲ್ವ ಅಂಗಡಿಯಲ್ಲಿ ಪಂಪ್‌ಸೆಟ್ಟಿನ ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಿದ್ದ. ನಿಂತೇ ಎಲ್ಲ ಹೇಳಿದೆ. ಅವನ ಕೈ ನಿಂತಿತು.

“ನಮ್ಮಪ್ಪ ಸಾಯೋ ತನಕ ನಿಮ್ಮಪ್ಪನ್ನ ಹೊಗಳ್ತಿದ್ದ ಅಕ್ಕ. ಇಡೀ ಫೌಂಡ್ರೀಲಿ ನಂಬಕ್ಕೆ ಅಂತ ಇದ್ದಿದ್ದು ಆ ಮನುಷ್ಯ ಒಬ್ರೇ ಅಂತ.” ಅವನ ದನಿ ಏರಲಿಲ್ಲ. ಏರಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. “ಮೂರು ತಿಂಗಳು ಮುಂಚೆ ಗೊತ್ತಾಗಿದ್ರೆ ಬೇರೆ ಕಡೆ ಕೆಲಸ ನೋಡ್ಕೊಳ್ತಿದ್ದ. ನಾನು ಓದ್ತಿದ್ದೆ.”

“ಸೆಲ್ವ, ನಾನು…”

“ನೀವ್ಯಾಕಕ್ಕ ಬಂದ್ರಿ? ಅವರು ಬರಲಿ. ಅಮ್ಮ ಇದಾಳೆ. ಅವಳಿಗೆ ಹೇಳಲಿ. ಈಗ ಹೋಗಿ, ನಂಗೆ ಕೆಲಸ ಇದೆ.”

ಆಮೇಲೆ ಆರು ವಾರ ಅವನು ನಮ್ಮ ಕಡೆ ಬರಲಿಲ್ಲ. ಮಂಜಣ್ಣ ಚಟ್ನಿಯ ಕಲೆಗೇ ಇಷ್ಟು ದೊಡ್ಡ ಜಗಳವೆಂದು ತಿಳಿದು, “ನಾನೇ ಕ್ಷಮೆ ಕೇಳ್ತೀನಿ ಮೇಡಂ, ದರ್ಜಿ ಹೆಂಡತೀನ ಮರೆತಿದ್ದು ನಂದೇ ತಪ್ಪು,” ಎನ್ನುತ್ತಿದ್ದರು. ಮನೆಯಲ್ಲಿ ನಾನು ಅಪ್ಪನ ಮುಂದೆ ತಟ್ಟೆ ಇಡುತ್ತಿದ್ದೆ, ಮಾತಾಡುತ್ತಿರಲಿಲ್ಲ. ಸೆಲ್ವ ಏನೆಂದ ಎಂಬುದನ್ನು ಮೊದಲ ದಿನವೇ ಹೇಳಿದ್ದೆ. ಇನ್ನೊಮ್ಮೆ ಹೇಳಲಿಲ್ಲ.

ನಿನ್ನೆ ಬೆಳಿಗ್ಗೆ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. “ಭದ್ರಾವತಿಗೆ ಹೋಗೋಣ,” ಎಂದರು. ಬಸ್ಸಿನಲ್ಲಿ, “ಏನಂತ ಶುರು ಮಾಡ್ಲಿ?” ಎಂದು ಕೇಳಿದರು. ನಾನು ಉತ್ತರ ಕೊಡಲಿಲ್ಲ. ಕೊಡಬಾರದು ಅನ್ನಿಸಿತು.

ಬಾಗಿಲು ತೆಗೆದದ್ದು ಸೆಲ್ವನ ಅಮ್ಮ ಪೊನ್ನಮ್ಮ. ಅಪ್ಪನನ್ನು ಕಂಡು ಮುಖ ಅರಳಿತು. “ಅಣ್ಣಾ! ಎಷ್ಟು ವರ್ಷ ಆಯ್ತು! ಬನ್ನಿ, ಕೂತ್ಕೊಳ್ಳಿ,” ಎಂದು ಕುರ್ಚಿ ಎಳೆದರು. ಸೆಲ್ವ ಒಳಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ. ಅವನು ಅಮ್ಮನಿಗೆ ಏನೂ ಹೇಳಿರಲಿಲ್ಲ.

“ಕೂರಲ್ಲಮ್ಮ. ಮೊದಲು ಒಂದು ಮಾತು ಹೇಳ್ಬೇಕು,” ಎಂದರು ಅಪ್ಪ. ಹೇಳಿದರು. ಸೈಕಲ್ಲಿನ ಹೆಸರೆತ್ತಲಿಲ್ಲ. ಹೆದರಿದ್ದೆ ಎಂದರು.

ಪೊನ್ನಮ್ಮ ಅಳಲಿಲ್ಲ, ಬೈಯಲೂ ಇಲ್ಲ. ಗೋಡೆಯ ಮೇಲಿದ್ದ ಗಂಡನ ಫೋಟೋವನ್ನು ನೋಡಿದರು. ಆಮೇಲೆ ಅಂದರು: “ನಂಗೊಬ್ಬಳಿಗೆ ಹೇಳಿದ್ರೆ ಆಗಲ್ಲ ಅಣ್ಣ. ಇನ್ನೂ ಐದು ಮನೆ ಇದೆ.” ಯಾರ ಮಕ್ಕಳು ಯಾವ ಬೀದಿಯಲ್ಲಿದ್ದಾರೆ ಎಂದು ಒಂದೊಂದಾಗಿ ಹೇಳಿದರು. ಅವರಿಗೆ ಎಲ್ಲ ಗೊತ್ತಿತ್ತು. ನಲವತ್ತು ವರ್ಷ ಅವರು ಆ ಮನೆಗಳ ಮದುವೆಗೂ ಸಾವಿಗೂ ಹೋಗಿ ಬಂದವರು. ನಾವು ಹೋಗಿರಲಿಲ್ಲ. ನಾನೂ ಹೋಗಿರಲಿಲ್ಲ.

ಹೊರಗೆ ಬಂದಾಗ ಬಿಸಿಲು ಚುರುಕಾಗಿತ್ತು. ಸೆಲ್ವ ನಮ್ಮ ಕಡೆ ನೋಡದೆ ಚಪ್ಪಲಿ ಮೆಟ್ಟಿ, “ಮೊದಲು ಹಾಲೇಶಪ್ಪನ ಮನೆ, ಹಿಂದಿನ ಬೀದೀಲಿ. ನಿಮಗೆ ಗೊತ್ತಾಗಲ್ಲ,” ಎಂದು ಮುಂದೆ ನಡೆದ. ಅಪ್ಪ ಅವನ ಹಿಂದೆ, ನಾನು ಅಪ್ಪನ ಹಿಂದೆ. ಅಪ್ಪನ ಮೇಲಿನ ನನ್ನ ಸಿಟ್ಟು ಹೋಗಿರಲಿಲ್ಲ, ಈಗಲೂ ಹೋಗಿಲ್ಲ. ಆದರೆ ಗಟಾರದ ಚಪ್ಪಡಿ ದಾಟುವಾಗ ಅವರ ರಟ್ಟೆ ಹಿಡಿದುಕೊಂಡೆ.

ಹಾಲೇಶಪ್ಪನ ಮಗ ಬಾಗಿಲಲ್ಲೇ ನಿಂತು ಅರ್ಧ ಕೇಳಿದ. “ಈಗ ಬಂದ್ರಾ ಹೇಳಕ್ಕೆ?” ಎಂದು ಮುಖಕ್ಕೆ ಬಡಿಯುವಂತೆ ಕದ ಹಾಕಿಕೊಂಡ.

“ಸಾಕು ಅಪ್ಪ, ಹೋಗೋಣ,” ಎಂದೆ ನಾನು.

“ಇನ್ನೂ ಅರ್ಧ ಇದೆ,” ಎಂದು ಅಪ್ಪ ಮತ್ತೆ ಕದ ತಟ್ಟಿದರು.