ಎರಡನೇ ಆಟ, ಅತ್ತೆಯ ಕಣ್ಣು

ಕಣ್ಣಿಗೆ ಡ್ರಾಪ್ಸ್ ಹಾಕಿದ ಮೇಲೆ ಐದು ನಿಮಿಷ ರೆಪ್ಪೆ ತೆರೆಯಬಾರದು. ಆ ಐದು ನಿಮಿಷದಲ್ಲಿ, ದಿನಕ್ಕೆ ನಾಲ್ಕು ಸಲ, ಅತ್ತೆ ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಿದ್ದರು.

“ಇವತ್ತೆಷ್ಟು ಹೋಯ್ತೇ?”

ಹೋಗಬೇಕಾಗಿದ್ದದ್ದು ನಮ್ಮ ಎರಡನೇ ವಿಡಿಯೋ ಗೇಮ್. ಎಷ್ಟು ಮಾರಾಟವಾಗಿದೆಯೆಂದು ನಾನು ಹೇಳುತ್ತಿದ್ದೆ. ಅವರು ಕಣ್ಣು ಮುಚ್ಚಿಕೊಂಡೇ ಇನ್ನೊಂದು ಕೇಳುತ್ತಿದ್ದರು. “ಮೊದಲನೇದು ಈ ಹೊತ್ತಿಗೆ ಎಲ್ಲಿತ್ತು?” ಅದನ್ನೂ ಹೇಳುತ್ತಿದ್ದೆ. ಬನಶಂಕರಿ ಎರಡನೇ ಹಂತದ ನಮ್ಮ ಮನೆಯ ನಡುಕೋಣೆಯಲ್ಲಿ ಮಧ್ಯಾಹ್ನದ ಬಿಸಿಲು ಹಸಿರು ಪರದೆಯಿಂದ ಸೋಸಿ ಬರುತ್ತಿತ್ತು. ಕುರ್ಚಿ, ಮಂಚ, ಅತ್ತೆಯ ಬಿಳಿ ಕೂದಲು, ಎಲ್ಲವೂ ನೀರಿನೊಳಗೆ ಇದ್ದ ಹಾಗೆ ಕಾಣುತ್ತಿದ್ದವು. ಅವರ ಕಣ್ಣಂಚಿನಿಂದ ಒಂದು ಹನಿ ಮದ್ದು ನಿಧಾನವಾಗಿ ಕಿವಿಯ ಕಡೆಗೆ ಇಳಿಯುತ್ತಿತ್ತು. ಎರಡು ಸಂಖ್ಯೆಗಳನ್ನೂ ಮನಸ್ಸಿನಲ್ಲಿ ಪಕ್ಕಪಕ್ಕ ಇಟ್ಟು ನೋಡಿ ಅವರು “ಹ್ಞೂಂ” ಅನ್ನುತ್ತಿದ್ದರು. ಆ “ಹ್ಞೂಂ” ದಿನದಿಂದ ದಿನಕ್ಕೆ ಸಣ್ಣದಾಗುತ್ತಾ ಹೋಯಿತು.

ಅತ್ತೆ ಅಂದರೆ ನನ್ನ ಅಪ್ಪನ ಅಕ್ಕ. ಮಾವ ತೀರಿಕೊಂಡ ವರ್ಷ ನಮ್ಮ ಮನೆಗೆ ಬಂದವರು, ನನ್ನ ಹೈಸ್ಕೂಲಿನಿಂದ ಇಲ್ಲಿಯವರೆಗೆ ನನ್ನನ್ನು ಬೈದು ಬೈದೇ ಬೆಳೆಸಿದವರು. ಈಗ ಮನೆಯಲ್ಲಿರುವುದು ನಾವಿಬ್ಬರೇ. ಬಸವನಗುಡಿಯಲ್ಲಿದ್ದಾಗ ಅವರ ಕೈಯ ರಂಗೋಲಿಗೆ ಬೀದಿಯಲ್ಲೆಲ್ಲ ಹೆಸರಿತ್ತಂತೆ. ಮಾವ ಹೋದ ಮೇಲೆ ಬಾಗಿಲ ಮುಂದೆ ಕೂತು ಹಾಕುವುದನ್ನು ಬಿಟ್ಟರು. ಹಾಕಬೇಡ ಅಂತ ಯಾರೂ ಅಂದಿರಲಿಲ್ಲ. ಹಾಕು ಅಂತಲೂ ಯಾರೂ ಅನ್ನಲಿಲ್ಲ, ನಾನೂ ಸೇರಿ. ನಮ್ಮ ಹೊಸ್ತಿಲಿಗೆ ಸ್ಟಿಕ್ಕರ್ ರಂಗೋಲಿ ಬಂತು, ಅತ್ತೆಯ ರಂಗೋಲಿ ನೋಟ್‌ಬುಕ್ಕಿಗೆ ಹೋಯಿತು. ಪೆನ್ಸಿಲ್ಲಿನಲ್ಲಿ ಚುಕ್ಕಿ, ಪೆನ್ನಿನಲ್ಲಿ ಗೆರೆ, ಪುಟದ ಮೇಲ್ಗಡೆ “ಹದಿನೈದರಿಂದ ಎಂಟು, ಸಂದು ಚುಕ್ಕಿ” ಅಂತ ದುಂಡು ಅಕ್ಷರ.

ಆ ನೋಟ್‌ಬುಕ್ಕೇ ನಮ್ಮ ಮೊದಲ ಆಟ. ನಮ್ಮ ಅಂದರೆ ನಾನು ಮತ್ತು ಕಾಲೇಜಿನಿಂದ ಜೊತೆಗಿರುವ ಒಬ್ಬ ಗೆಳೆಯ. ಅವನು ಪ್ರೋಗ್ರಾಮ್ ಬರೆಯುತ್ತಾನೆ, ನಾನು ಚಿತ್ರ ಬರೆಯುತ್ತೇನೆ. ಸುದ್ದಗುಂಟೆಪಾಳ್ಯದ ಒಂದು ಹಿಟ್ಟಿನ ಗಿರಣಿಯ ಮೇಲಿನ ಕೋಣೆ ನಮ್ಮ ಆಫೀಸು. ಕೆಳಗೆ ರಾಗಿ ಬೀಸುವಾಗ ನಮ್ಮ ಮೇಜು ಸಣ್ಣಗೆ ನಡುಗುತ್ತದೆ, ಸಂಜೆಯ ಹೊತ್ತಿಗೆ ಕೀಬೋರ್ಡಿನ ಮೇಲೆ ತೆಳುವಾಗಿ ಹಿಟ್ಟು ಕೂತಿರುತ್ತದೆ. ಆಟ ಬಹಳ ಸರಳ. ಕತ್ತಲ ನೆಲದ ಮೇಲೆ ಚುಕ್ಕಿಗಳಿರುತ್ತವೆ. ಬೆರಳು ಎತ್ತದೆ ಒಂದೇ ಗೆರೆಯಲ್ಲಿ ಅವನ್ನು ಸುತ್ತಿ, ಹೊರಟ ಜಾಗಕ್ಕೆ ಮರಳಬೇಕು. ಮರಳಿದರೆ ಬೆಳಗಾಗುತ್ತದೆ, ಕಾಗೆ ಕೂಗುತ್ತದೆ, ಯಾರೋ ಗೇಟು ತೆಗೆದ ಸದ್ದು ಕೇಳುತ್ತದೆ. ಅಷ್ಟೆ.

ಅದು ಬಿಡುಗಡೆಯಾಗಿ ಎಂಟು ದಿನ ನಮ್ಮಿಬ್ಬರ ನೆಂಟರನ್ನು ಬಿಟ್ಟರೆ ಯಾರೂ ಕೊಳ್ಳಲಿಲ್ಲ. ಒಂಬತ್ತನೇ ದಿನ ಯಾವುದೋ ಊರಿನ ಯಾರೋ ಒಬ್ಬಳು ಒಂದು ವಿಡಿಯೋ ಹಾಕಿದಳು. ಈ ಆಟದ ನಲವತ್ತೆಂಟು ರಂಗೋಲಿಗಳಲ್ಲೂ ಒಂದೊಂದು ಚುಕ್ಕಿ ಗೆರೆಗೆ ಸಿಗದೆ ಹೊರಗೆ ಉಳಿಯುತ್ತದೆ, ಯಾಕೆ, ಎಂಬುದು ಅವಳ ಪ್ರಶ್ನೆ. ನಿಜ ಹೇಳಬೇಕೆಂದರೆ ನಮಗೂ ಗೊತ್ತಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಇದ್ದದ್ದನ್ನು ಹಾಗೇ ಇಳಿಸಿದ್ದೆವು. “ಇದು ಮಿಸ್ಟೇಕ್ ಮಗಾ, ತೆಗೀಬೇಕು” ಅಂತ ಗೆಳೆಯ ಅಂದಿದ್ದ, ಆದರೆ ತೆಗೆಯಲು ಪುರುಸೊತ್ತಾಗಿರಲಿಲ್ಲ. ಅವತ್ತು ಸಂಜೆ ಅತ್ತೆಯನ್ನು ಕೇಳಿದೆ.

“ಅಷ್ಟೂ ಗೊತ್ತಿಲ್ವೇನೇ? ದೃಷ್ಟಿ ಬೊಟ್ಟು ಅದು. ಮಗು ಕೆನ್ನೆಗೆ ಕಪ್ಪು ಇಡಲ್ವಾ, ಹಂಗೆ. ಅಷ್ಟು ಚೆನ್ನಾಗಿರೋದಕ್ಕೆ ಕಣ್ಣು ಬೀಳಬಾರ್ದಲ್ಲ.”

ತಮ್ಮ ಕೆಲಸವನ್ನು ತಾವೇ ಹೊಗಳಿಕೊಂಡು ಅವರು ಹುರುಳಿಕಾಯಿ ನಾರು ತೆಗೆಯುವುದನ್ನು ಮುಂದುವರಿಸಿದರು. ಆ ಮಾತನ್ನೇ ವಿಡಿಯೋ ಹಾಕಿದವಳಿಗೆ ಉತ್ತರವಾಗಿ ಬರೆದೆವು. ಆಮೇಲೆ ಜನ ಆ ಒಂಟಿ ಚುಕ್ಕಿಯನ್ನು ಹುಡುಕುವುದಕ್ಕೆಂದೇ ಆಟ ಕೊಂಡರು. ಮಾರಾಟದ ಗೆರೆ ಮೇಲೇರಿದ ರೀತಿ ನೋಡಿ ನಾವಿಬ್ಬರೂ ಗಿರಣಿಯವರಿಗೂ ಸೇರಿಸಿ ಮೈಸೂರು ಪಾಕ್ ತಂದೆವು.

ಎರಡನೆಯ ಆಟ ಬರುತ್ತದೆ ಅಂತ ಗೊತ್ತಾದದ್ದೇ ತಡ, ಅತ್ತೆ ಯಾರೂ ಹೇಳದೆ ಎರಡನೇ ನೋಟ್‌ಬುಕ್ ಶುರು ಮಾಡಿದರು. ಅಷ್ಟರಲ್ಲಿ ಅವರ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಮಾಡಿಸಿ ಅಂತ ಡಾಕ್ಟರ್ ಹೇಳಿದರೆ “ಪುಸ್ತಕ ಮುಗೀಲಿ, ಆಮೇಲೆ” ಅಂದರು. ಒಂದು ವರ್ಷ ಕಿಟಕಿಯ ಪಕ್ಕ ಕೂತು, ಪುಟಕ್ಕೆ ಮೂಗು ತಾಗಿಸಿಕೊಂಡು ಬರೆದರು. ಮುಗಿದ ದಿನ ಮೂಲೆಗೆ ಅರಿಸಿನ ಹಚ್ಚಿ ನನ್ನ ಕೈಗೆ ಕೊಟ್ಟರು. ನಾನು ಅದನ್ನು ಎದೆಗೆ ಒತ್ತಿಕೊಂಡು ಆಫೀಸಿಗೆ ಒಯ್ದೆ.

ಗೆಳೆಯ ಪುಟ ತಿರುಗಿಸಿ ನೋಡಿದ. ಆಮೇಲೆ ನನ್ನ ಮುಖ ನೋಡಿದ. ಚುಕ್ಕಿಗಳು ಚೆಲ್ಲಿದ ಸಾಸಿವೆ ಹಾಗಿದ್ದವು. ಗೆರೆಗಳು ಒಂದು ಚುಕ್ಕಿಗೆ ಹೊರಟು ಇನ್ನೊಂದನ್ನು ಸೇರಿದ್ದವು.

“ಗುರು, ಇದು ಆಗಲ್ಲ,” ಅಂದ. ಕೆಟ್ಟ ದನಿಯಲ್ಲಿ ಅನ್ನಲಿಲ್ಲ.

ಅವನ ಹತ್ತಿರ ಬೇರೆ ದಾರಿಯಿತ್ತು. ಎಷ್ಟು ಬೇಕಾದರೂ ರಂಗೋಲಿ ತಾನೇ ಹುಟ್ಟಿಸುವ ಪ್ರೋಗ್ರಾಮ್ ಬರೆದಿದ್ದ. ನಲವತ್ತೆಂಟಲ್ಲ, ಮುಗಿಯುವುದೇ ಇಲ್ಲ. ಒಂದೊಂದೂ ಅಚ್ಚುಕಟ್ಟು, ಹೊರಗಿನ ಒಂಟಿ ಚುಕ್ಕಿಯನ್ನೂ ಅದೇ ಇಡುತ್ತಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ನನಗೂ ಅದು ಚಂದವಾಗಿಯೇ ಕಂಡಿತು. ಅತ್ತೆಯ ನೋಟ್‌ಬುಕ್ಕನ್ನು ಮೇಜಿನ ಡ್ರಾಯರಿನಲ್ಲಿಟ್ಟೆ. ನಾಳೆ ಹೇಳೋಣ ಅಂದುಕೊಂಡೆ. ಎಷ್ಟೋ ನಾಳೆಗಳು ಬಂದು ಹೋದವು.

ಆಟದ ಬಿಡುಗಡೆ, ಅತ್ತೆಯ ಆಪರೇಷನ್ ಎರಡೂ ಒಂದೇ ವಾರ ಬಿದ್ದವು. ಮೊಬೈಲ್ ಒಂದು ವಾರ ನೋಡಬೇಡಿ ಅಂತ ಡಾಕ್ಟರ್ ನನ್ನ ಹತ್ತಿರ ಹೇಳಿದರು. ನಾನು ಮನೆಗೆ ಬಂದು ಅತ್ತೆಗೆ ಒಂದು ತಿಂಗಳು ಅಂದೆ. ಯಾಕೆಂದರೆ ಆಟವನ್ನು ಒಂದು ಕ್ಷಣ ನೋಡಿದರೂ ಸಾಕು, ಇದು ತಮ್ಮ ಕೈಯ ಕೆಲಸವಲ್ಲ ಅಂತ ಅವರಿಗೆ ಗೊತ್ತಾಗುತ್ತಿತ್ತು. ಹೀಗೆ ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು, ತಮ್ಮ ರಂಗೋಲಿಗಳೇ ಲೋಕವೆಲ್ಲ ಸುತ್ತುತ್ತಿವೆ ಅಂತ ನಂಬಿಕೊಂಡು ಮಲಗಿದರು. ನಾನು ಡ್ರಾಪ್ಸ್ ಹಾಕುತ್ತಾ ಲೆಕ್ಕ ಒಪ್ಪಿಸಿದೆ.

ಆಫೀಸಿನಲ್ಲಿ ಗೆಳೆಯ ಎರಡೂ ಆಟಗಳ ಮಾರಾಟದ ಗೆರೆಗಳನ್ನು ಒಂದರ ಮೇಲೊಂದು ಇಟ್ಟಿದ್ದ. ಮೊದಲನೆಯದು ಹಸಿರು, ಎರಡನೆಯದು ಕಿತ್ತಳೆ, ಎರಡೂ ತಮ್ಮ ತಮ್ಮ ಮೊದಲ ದಿನದಿಂದ ಹೊರಟಿದ್ದವು. ಮೊದಲ ವಾರ ಕಿತ್ತಳೆಯೇ ಮೇಲಿತ್ತು. ಒಂಬತ್ತನೇ ದಿನಕ್ಕಾಗಿ ನಾವು ಹಬ್ಬಕ್ಕೆ ಕಾದ ಹಾಗೆ ಕಾದೆವು. ಆ ದಿನ ಬಂತು, ಹಸಿರು ಗೆರೆ ಎದ್ದು ಹಾರಿತು, ಕಿತ್ತಳೆ ಅಲ್ಲೇ ಮಗ್ಗುಲು ಬದಲಿಸಿ ಮಲಗಿತು. ಪರೀಕ್ಷೆಯ ಕಾಲ, ಕ್ರಿಕೆಟ್ಟಿನ ಕಾಲ ಅಂತ ಗೆಳೆಯ ಕಾರಣ ಹುಡುಕಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ನಾನು ಅಂದೆ. ಅವನಿಗೆ ಸಿಟ್ಟು ಬಂತು. ಮೂರನೇ ವಾರದ ಹೊತ್ತಿಗೆ ಮೊದಲನೆಯದರ ಕಾಲು ಭಾಗಕ್ಕೂ ನಾವು ಬಂದಿರಲಿಲ್ಲ. ಕೊಂಡವರಲ್ಲಿ ಒಬ್ಬರು ಬರೆದಿದ್ದರು, ‘ಚೆನ್ನಾಗಿದೆ, ಆದರೆ ಈ ಸಲ ಗೇಟು ತೆಗೆದರೆ ಮನೆಯೊಳಗೆ ಯಾರೂ ಇಲ್ಲ ಅನಿಸುತ್ತದೆ.’

ಸೋತದ್ದಕ್ಕೆ ನನಗೆ ಬೇಜಾರಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಅದಕ್ಕಿಂತ ದೊಡ್ಡದು ಮನೆಯಲ್ಲಿ ನಡೆಯುತ್ತಿತ್ತು. ಒಂದು ಮಧ್ಯಾಹ್ನ ಅತ್ತೆ ಸಂಖ್ಯೆ ಕೇಳಿಸಿಕೊಂಡು “ಹ್ಞೂಂ” ಅನ್ನಲಿಲ್ಲ.

“ನನ್ನ ಕೈಗುಣ ಹೋಯ್ತು ಕಣೆ,” ಅಂದರು. “ವಯಸ್ಸಾಯ್ತು. ನಿಮ್ಮಿಬ್ಬರ ಹೊಟ್ಟೆ ಮೇಲೆ ಹೊಡ್ದಂಗಾಯ್ತು.”

“ಹಂಗೆಲ್ಲ ಏನಿಲ್ಲ ಅತ್ತೆ.”

“ಸಮಾಧಾನ ಮಾಡ್ಬೇಡ. ಆ ಪೆನ್ಸಿಲ್ಲು, ಖಾಲಿ ನೋಟ್‌ಬುಕ್ಕು ಎಲ್ಲ ಕೆಲಸದವಳಿಗೆ ಕೊಟ್ಬಿಡು, ಅವಳ ಮಗಳಿಗಾಗತ್ತೆ. ನಾನಿನ್ನು ಬರಿಯಲ್ಲ.”

ನಾನು ಮದ್ದಿನ ಬಾಟಲಿ ಹಿಡಿದು ನಿಂತಿದ್ದೆ. ಒಂದು ವಾಕ್ಯ ಹೇಳಿದ್ದರೆ ಅವರ ಕೈ ಅವರಿಗೆ ವಾಪಸ್ ಸಿಗುತ್ತಿತ್ತು. ಸೋತ ಆಟದಲ್ಲಿ ನಿಮ್ಮದು ಒಂದು ಗೆರೆಯೂ ಇಲ್ಲ ಅಂತ ಹೇಳಬೇಕಿತ್ತು. ಆದರೆ ಅದನ್ನು ಹೇಳಿದರೆ, ನಿಮ್ಮ ಒಂದು ವರ್ಷದ ಕಣ್ಣು ನನ್ನ ಡ್ರಾಯರಿನಲ್ಲಿ ಬಿದ್ದಿದೆ ಅಂತಲೂ ಹೇಳಬೇಕಿತ್ತು. ಪೆನ್ಸಿಲ್ ಡಬ್ಬಿಯನ್ನು ತೆಗೆದು ನನ್ನ ಬಟ್ಟೆಗಳ ಕೆಳಗೆ ಬಚ್ಚಿಟ್ಟೆ.

ತಿಂಗಳ ಕೊನೆಯಲ್ಲಿ ಜಯನಗರದ ಕಣ್ಣಾಸ್ಪತ್ರೆಗೆ ಚೆಕಪ್ಪಿಗೆ ಹೋದೆವು. ಡಾಕ್ಟರ್ ದೀಪ ಹಿಡಿದು ನೋಡಿ ಸಂತೋಷಪಟ್ಟರು. ಇನ್ನು ಬಗ್ಗಬಹುದು, ತಲೆಗೆ ನೀರು ಹಾಕಿಕೊಳ್ಳಬಹುದು ಅಂದರು.

“ಮೊಬೈಲು?” ಅತ್ತೆ ಕೇಳಿದರು.

“ಅದನ್ನ ಒಂದು ವಾರ ಆದ್ಮೇಲೆ ನೋಡಿ ಅಂದಿದ್ನಲ್ಲಮ್ಮ ಆವತ್ತೇ.”

ಅತ್ತೆ ನನ್ನ ಕಡೆ ತಿರುಗಲಿಲ್ಲ. ಎದ್ದರು, ಸೆರಗು ಸರಿಮಾಡಿಕೊಂಡರು, ಆಟೋ ಹತ್ತಿದರು. ರಸ್ತೆಯ ಎರಡೂ ಕಡೆಯ ಮರಗಳಿಂದ ಹಳದಿ ಹೂವುಗಳು ಉದುರುತ್ತಿದ್ದವು, ಆಟೋ ಅವುಗಳ ಮೇಲೆ ಸದ್ದಿಲ್ಲದೆ ತೇಲಿದ ಹಾಗೆ ಹೋಗುತ್ತಿತ್ತು. ಅವರು ಪ್ರತಿ ಮರವನ್ನೂ ಹೊಸದಾಗಿ ನೋಡುತ್ತಿದ್ದರು. ನಾನು ಆ ರಸ್ತೆ ಮುಗಿಯದೇ ಇರಲಿ ಅಂದುಕೊಂಡೆ. ಸಿಗ್ನಲ್ಲಿನಲ್ಲಿ ಆಟೋ ನಿಂತಿತು.

“ಯಾಕೆ?” ಅಂದರು.

ಎಲ್ಲವನ್ನೂ ಹೇಳಿಬಿಟ್ಟೆ. ಪ್ರೋಗ್ರಾಮು, ಡ್ರಾಯರು, ಒಂದು ವಾರವನ್ನು ಒಂದು ತಿಂಗಳು ಮಾಡಿದ್ದು. ಸಿಗ್ನಲ್ ಹಸಿರಾಯಿತು. ಅತ್ತೆ ಮನೆಯ ಮುಂದೆ ಇಳಿದು ಗೇಟಿನ ಚಿಲಕಕ್ಕೆ ಕೈಯಿಟ್ಟಾಗ ಮಾತ್ರ, ನನ್ನ ಕಡೆ ನೋಡದೆ, “ನಾಳೆ ತಗೊಂಡ್ಬಾ ಅದನ್ನ,” ಅಂದರು.

ಮರುದಿನ ನೋಟ್‌ಬುಕ್ ತಂದುಕೊಟ್ಟೆ. ಅವರು ಕಪ್ಪು ಕನ್ನಡಕ ತೆಗೆದಿಟ್ಟು ಮೊದಲ ಪುಟ ತೆರೆದರು. ಎರಡನೆಯದು, ಮೂರನೆಯದು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆ ಅಂದುಕೊಂಡು ಹತ್ತಿರ ಹೋದೆ. ಅವರು ನಗುತ್ತಿದ್ದರು.

“ಅಯ್ಯೋ ಶಿವನೇ, ಏನಿದು ಅವತಾರ! ಕೋಳಿ ಕೆರೆದಂಗಿದೆಯಲ್ಲೇ! ಇದನ್ನ ಹಾಕಿದ್ರೆ ನೀವು ಇನ್ನೂ ಮುಳುಗ್ತಿದ್ರಿ.” ಸೆರಗಿನಿಂದ ಕೆನ್ನೆ ಒರೆಸಿಕೊಂಡರು, ಕಣ್ಣನ್ನು ಒರೆಸಬಾರದೆಂದು ನೆನಪಿತ್ತು. ಹಾಗೆಯೇ ನಗು ನಿಂತಿತು. “ಆದ್ರೆ ದಿನಾ ನಾಲ್ಕು ಸಲ ಕೇಳ್ತಿದ್ದೆ ತಾನೆ? ಒಂದು ಸಲ ಹೇಳ್ಬಹುದಿತ್ತು. ನಾನು ಒಂದು ತಿಂಗಳು ನನ್ನನ್ನೇ ಬೈಕೊಂಡು ಮಲಗಿದ್ನಲ್ಲೇ.”

“ತಪ್ಪಾಯ್ತು ಅತ್ತೆ.”

“ತಪ್ಪೇ,” ಅಂದರು. ಪೆನ್ಸಿಲ್ ಡಬ್ಬಿಯನ್ನು ನನ್ನ ಬಟ್ಟೆಗಳ ಕೆಳಗಿನಿಂದ ತೆಗೆದು ಅವರ ಮಂಚದ ಪಕ್ಕ ಇಟ್ಟೆ. ಅವರು ಅವತ್ತೆಲ್ಲ ಅದನ್ನು ಮುಟ್ಟಲಿಲ್ಲ.

ಮಾರನೆಯ ಬೆಳಗ್ಗೆ ನೆಲಕ್ಕೆ ನೀರು ಚೆಲ್ಲಿದ ಸದ್ದಿಗೆ ಎಚ್ಚರವಾಯಿತು. ಕಾಗೆ ಕೂಗಿತು, ಗೇಟು ಕಿರ್ ಅಂದಿತು. ಅರ್ಧ ನಿದ್ದೆಯಲ್ಲಿ ಅದು ನಮ್ಮ ಆಟದ ಸದ್ದು ಅನ್ನಿಸಿತು. ಎದ್ದು ಕಿಟಕಿಗೆ ಹೋದೆ. ಅತ್ತೆ ಗೇಟಿನ ಹೊರಗೆ ಮಣೆಯ ಮೇಲೆ ಕೂತಿದ್ದರು. ಒದ್ದೆ ನೆಲದ ಮೇಲೆ ಬಿಳಿ ಚುಕ್ಕಿಗಳು ಸಾಲಾಗಿ ನಿಂತಿದ್ದವು, ಬೆರಳ ಸಂದಿನಿಂದ ಪುಡಿ ಇಳಿಯುತ್ತಿತ್ತು. ಇಷ್ಟು ವರ್ಷ ನಾನು ನೋಟ್‌ಬುಕ್ಕಿನಲ್ಲಿ, ಪರದೆಯ ಮೇಲೆ ನೋಡಿದ್ದನ್ನು ಅವರ ಕೈ ನೆಲದ ಮೇಲೆ ಮಾಡುವುದನ್ನು ಒಮ್ಮೆಯೂ ನೋಡಿರಲಿಲ್ಲ. ಗೆರೆ ಹೊರಟ ಜಾಗಕ್ಕೆ ಮರಳಿತು. ಕೊನೆಗೆ ಮೂಲೆಯಲ್ಲಿ ಒಂದು ಚುಕ್ಕಿಯನ್ನು ಹೊರಗೆ ಇಟ್ಟು, ಮಂಡಿ ಹಿಡಿದುಕೊಂಡು ಎದ್ದರು. ನಾನು ಅಲ್ಲೇ ಅತ್ತುಬಿಟ್ಟೆ.

ಆಮೇಲೆ ಕಾಫಿ ತಂದುಕೊಟ್ಟು, ಕೊನೆಯ ವಾರದ ಡ್ರಾಪ್ಸ್ ಹಾಕಿದೆ. ಕಣ್ಣು ಮುಚ್ಚಿಕೊಂಡೇ ಕೇಳಿದರು. “ಕಿಟಕೀಲಿ ನಿಂತಿದ್ಯಲ್ಲ. ಎಷ್ಟು ಜನ ನೋಡಿದ್ರು?”

“ಹೂವಿನ ಅಕ್ಕ ಬುಟ್ಟಿ ಇಳಿಸಿ ನಿಂತ್ಕೊಂಡ್ರು. ವಾಕಿಂಗ್ ಅಂಕಲ್ ತುಳೀಬಾರ್ದು ಅಂತ ಸುತ್ತಿ ಹೋದ್ರು. ಎದುರುಮನೆ ಆಂಟಿ ಫೋಟೋ ತೆಗೆದ್ರು.”

“ಮೂರು,” ಅಂದರು ಅತ್ತೆ. ಸ್ವಲ್ಪ ಹೊತ್ತು ಹೋಲಿಸಿ ನೋಡಿದರು. “ಬಸವನಗುಡೀಲಿ ಮೊದಲನೇ ದಿನ ಒಬ್ಬರೂ ನೋಡಿರ್ಲಿಲ್ಲ.”