ಹದಿನಾಲ್ಕನೇ ಬಿಲ್ಲೆ

ಹಳೆಯ ಗಣಿಯೊಂದರ ತಳದಲ್ಲಿ ವಿಶ್ವದಲ್ಲೆಲ್ಲ ತುಂಬಿದೆಯೆನ್ನುವ, ಕಣ್ಣಿಗೆ ಕಾಣದ ಕಪ್ಪು ದ್ರವ್ಯವನ್ನು ಹುಡುಕುತ್ತಿದ್ದ ವಿಜ್ಞಾನಿಗಳನ್ನು ಹತ್ತೊಂಬತ್ತು ವರ್ಷ ಇಳಿಸಿ ಹತ್ತಿಸಿದವನು ಲಿಫ್ಟಣ್ಣ. ಇಳಿಯುವವರು ನಂಬರು ಕೊರೆದ ಹಿತ್ತಾಳೆ ಬಿಲ್ಲೆಯೊಂದನ್ನು ಹಲಗೆಯ ಮೊಳೆಗೆ ನೇತುಹಾಕಬೇಕು, ಮೇಲೆ ಬಂದಮೇಲೆ ತೆಗೆಯಬೇಕು. ಬಿಲ್ಲೆ ಉಳಿದರೆ ಯಾರೋ ಕೆಳಗೇ ಇದ್ದಾರೆಂದು ಅರ್ಥ. ಲಿಫ್ಟಣ್ಣ ಇಳಿದು ಕೂಗಿ ಕರೆಯಬೇಕು. ಪ್ರತಿ ಸಂಜೆ ಅವನು "ಸಿಕ್ತಾ ಮೇಡಂ?" ಎನ್ನುವುದು, ವಿಜ್ಞಾನಿ ಮೇಡಂ "ಇವತ್ತೂ ಇಲ್ಲ" ಎನ್ನುವುದು ರೂಢಿಯಾಗಿತ್ತು.

ಆರು ವರ್ಷದ ಹಿಂದೆ ಅವನ ಹೆಂಡತಿ ಒಮ್ಮೆ ನೋಡಲು ಬಂದು, ಬಿಲ್ಲೆ ಹಾಕಿ ಕೆಳಗಿಳಿದು ಮೇಡಂ ಅವರನ್ನು ಕೇಳಿದ್ದಳು. "ಕಾಣಲ್ಲ, ಮುಟ್ಟಕ್ಕಾಗಲ್ಲ ಅಂತೀರ. ಮತ್ತೆ ಇದೆ ಅಂತ ಹೇಗೆ ಗೊತ್ತು?"

"ನಕ್ಷತ್ರಗಳು ಸುತ್ತೋ ವೇಗಕ್ಕೆ ಎಂದೋ ಚೆಲ್ಲಾಪಿಲ್ಲಿ ಆಗ್ಬೇಕಿತ್ತಮ್ಮ. ಏನೋ ಹಿಡಿದಿಟ್ಟಿದೆ. ಅದೇನು ಅಂತ ಯಾರಿಗೂ ಗೊತ್ತಿಲ್ಲ" ಎಂದರು ಮೇಡಂ.

"ಅಯ್ಯೋ, ನಮ್ಮನೇಲಿ ಅದು ನಾನೇ!"

ನಗುವ ಭರದಲ್ಲಿ ಮೇಲೆ ಬಂದಮೇಲೆ ತನ್ನ ಹದಿನಾಲ್ಕನೇ ನಂಬರಿನ ಬಿಲ್ಲೆ ತೆಗೆಯದೆ ಹೊರಟುಹೋದಳು. ಲಿಫ್ಟಣ್ಣನೂ ತೆಗೆಯಲಿಲ್ಲ. "ಹೆಂಡ್ತಿ ಕೆಳಗಿದಾಳೆ, ಮನೇಲಿ ನೆಮ್ಮದಿ" ಎಂದು ಕಂಡಕಂಡವರ ಮುಂದೆ ಹಲ್ಲು ಕಿರಿಯುತ್ತಿದ್ದ. ಮೇಲಧಿಕಾರಿಗಳು ಕಂಡೂ ಕಾಣದಂತಿದ್ದರು.

ಎರಡು ತಿಂಗಳ ಹಿಂದೆ ಅವಳು ತೀರಿಕೊಂಡಳು. ಲಿಫ್ಟಣ್ಣನ ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಮೂರನೇ ದಿನಕ್ಕೇ ಕೆಲಸಕ್ಕೆ ಬಂದ. ಉಂಡದ್ದು ರುಚಿಸಲಿಲ್ಲ, ರುಚಿಸುತ್ತಿಲ್ಲವೆಂದೂ ಅನಿಸಲಿಲ್ಲ. "ಅಪ್ಪಾ, ಒಂದ್ಸಲ ಅತ್ತುಬಿಡಿ, ನಂಗೆ ಭಯ ಆಗ್ತಿದೆ" ಎಂದು ಮಗಳು ಗೋಗರೆದಳು. "ಬರ್ತಿಲ್ಲಮ್ಮ" ಎಂದ. ಪಾಪ, ಸುಳ್ಳೇನಲ್ಲ. ಎದೆ ಮರಗಟ್ಟಿತ್ತು. "ಸಿಕ್ತಾ?" ಎಂದು ಕೇಳುವುದನ್ನೂ ಬಿಟ್ಟಿದ್ದ.

ಇಂದು ಪ್ರಯೋಗದ ಕೊನೆಯ ದಿನ. ಯಂತ್ರಗಳೆಲ್ಲ ಮೇಲೆ ಬಂದಿದ್ದವು. ಕಡೆಯ ಸಲ ಲಿಫ್ಟು ಹತ್ತಿದ ಮೇಡಂ ತಾವಾಗಿಯೇ, "ಸಿಗಲೇ ಇಲ್ಲ" ಎಂದರು.

"ಹಾಗಾದ್ರೆ ಅದು ಇಲ್ವಾ?"

"ಇಲ್ಲ ಅಂತ ಹೇಳಕ್ಕಾಗಲ್ಲ. ನಮ್ಮ ಕೈಗೆ ಸಿಗಲಿಲ್ಲ, ಅಷ್ಟೇ."

ಮೇಲೆ ಮೇಲ್ವಿಚಾರಕ ಬೀಗ ಹಿಡಿದು ಕಾದಿದ್ದ. "ಲಿಫ್ಟಣ್ಣ, ಆ ಬಿಲ್ಲೆ ತೆಗೀರಿ. ಬಾಗಿಲು ಹಾಕ್ಬೇಕು."

ಲಿಫ್ಟಣ್ಣ ಕೈ ಎತ್ತಿದ, ಹಾಗೇ ಇಳಿಸಿದ. "ಬಿಲ್ಲೆ ಉಳಿದ್ರೆ ಹೋಗಿ ಕರೀಬೇಕಲ್ವಾ ಸಾರ್? ರೂಲ್ಸು."

ಮೇಲ್ವಿಚಾರಕ ಏನೋ ಹೇಳಲು ಬಾಯಿ ತೆರೆದ. ಮೇಡಂ ಅವನ ತೋಳು ಹಿಡಿದು ಸುಮ್ಮನಾಗಿಸಿದರು.

ಲಿಫ್ಟಣ್ಣ ಒಬ್ಬನೇ ಇಳಿದ. ಖಾಲಿ ಸುರಂಗದ ಬಾಯಲ್ಲಿ ನಿಂತು ಕೂಗಿದ. "ಇವಳೇ... ಬಾರೇ, ಬಾಗಿಲು ಹಾಕ್ತಾರಂತೆ."

ಎರಡನೇ ಸಲ ಕೂಗಲು ಹೋದವನು ಲಿಫ್ಟಿನ ಹೊಸ್ತಿಲಲ್ಲೇ ಕುಸಿದು ಕುಳಿತು ಬಿಕ್ಕಿ ಬಿಕ್ಕಿ ಅತ್ತ.